ಲೈನಿಗೆ ಬೈಯುವ ಮೊದ್ಲು: ಸರ್ವರ್ ಸ್ಲೋ ಆದವರ ಪ್ರಶ್ನೆಗಳು

ತುಲಾವರ್ಷ ಸುರು ಆದ ಮೇಲೆ ಈ ಅಂಕಣಕ್ಕೆ ಬರುವ ಪ್ರಶ್ನೆಯಲ್ಲಿ ಅರ್ಧಕ್ಕರ್ಧ ಒಂದೇ ವಿಷಯ, ಸರ್ವರ್ ಎಳಿತಾ ಉಂಟು, ಎಂತ ಮಾಡುದು ಅಂತ. ಎಲ್ಲರಿಗೂ ಬೇರೆ ಬೇರೆ ಬರಿಲಿಕ್ಕೆ ಜಾಗ ಇಲ್ಲ, ಒಂದಕ್ಕೊಂದು ಹೋಲದ ಕೆಲವನ್ನು ಆರಿಸಿದ್ದೇನೆ. ಕಮಾಂಡಿನ ಹೆಸರು ಇಲ್ಲಿ ಕನ್ನಡ ಅಕ್ಷರದಲ್ಲಿ ಉಂಟು, ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಹಾಕಿ.

ಪ್ರಶ್ನೆ: ನಮ್ಮದು ಸಣ್ಣ ಪ್ರೆಸ್ಸು. ಐದು ಕಂಪ್ಯೂಟರ್, ಒಂದು ಉಬುಂಟು ಸರ್ವರ್, ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಫ್ಲೆಕ್ಸು ಎಲ್ಲದರ ಫೈಲೂ ಸರ್ವರಲ್ಲೇ ಇರುದು. ಮೊದ್ಲು 1 ಜಿಬಿ ಫೈಲ್ ಕಾಪಿ ಆಗ್ಲಿಕ್ಕೆ ಹತ್ತು ಸೆಕೆಂಡ್ ಸಾಕಿತ್ತು, ಈಗ ಒಂದೂವರೆ ನಿಮಿಷ. ನೆಟ್ ಪ್ಲಾನ್ 100ರಿಂದ 300 ಎಂಬಿಪಿಎಸ್‌ಗೆ ಏರಿಸಿದೆ, ಚೂರೂ ವ್ಯತ್ಯಾಸ ಇಲ್ಲ. ಸರ್ವರಿಗೆ ರಾಮ್ ಹಾಕ್ಬೇಕು ಅಂತ ಕಂಪ್ಯೂಟರ್ ಅಂಗಡಿಯವರು ಹೇಳ್ತಾರೆ, ಹಾಕಿಸುದಾ? ಕಳೆದ ತಿಂಗಳ ಸಿಡಿಲಿಗೆ ಸ್ವಿಚ್ಚು ಹೋಗಿ ಬೇರೆ ಹಾಕಿದ್ದೇವೆ, ಅದೇ ಹೊತ್ತಿಗೆ ಸರ್ವರನ್ನು ಒಳಗಿನ ರೂಮಿಗೆ ದಾಟಿಸಿ ಕೇಬಲ್ಲೂ ಹೊಸದು ಎಳೆಸಿದ್ದು.
— ಪ್ರೆಸ್ಸಿನವರು, ಬದಿಯಡ್ಕ

ಉತ್ತರ: ರಾಮ್ ಈಗ ಬೇಡ. ಪ್ಲಾನ್ ಏರಿಸಿದ್ದಂತೂ ದಂಡ ಮಾರಾಯ್ರೆ, ಯಾಕಂದ್ರೆ ಸರ್ವರಿಂದ ಪಕ್ಕದ ಟೇಬಲಿಗೆ ಬರುವ ಫೈಲು ಇಂಟರ್‌ನೆಟ್ಟನ್ನು ಮುಟ್ಟುದೇ ಇಲ್ಲ, ಸ್ವಿಚ್ಚಲ್ಲೇ ತಿರುಗಿ ಬರುದು, ಲೈನ್ ಪೂರ್ತಿ ಕಡಿದು ಹೋದ್ರೂ ನಿಮ್ಮ ಫೈಲ್ ಅದೇ ಸ್ಪೀಡಲ್ಲಿ ಬರ್ತದೆ.

ನೀವು ಕೊಟ್ಟ ಲೆಕ್ಕದಲ್ಲೇ ಅರ್ಧ ಉತ್ತರ ಉಂಟು. 1 ಜಿಬಿಯನ್ನು 1000 ಎಂಬಿ ಅಂತ ಇಟ್ಕೊಂಡು 90 ಸೆಕೆಂಡಿಂದ ಭಾಗಿಸಿ, ಸೆಕೆಂಡಿಗೆ 11 ಎಂಬಿ ಬರ್ತದೆ. ನೆಟ್‌ವರ್ಕಿನ ಸ್ಪೀಡ್ ಹೇಳುದು ಬಿಟ್ ಲೆಕ್ಕದಲ್ಲಿ, ಫೈಲ್ ಕಾಪಿ ಆಗುವಾಗ ಕಾಣುದು ಬೈಟ್ ಲೆಕ್ಕದಲ್ಲಿ, 8 ಬಿಟ್ಟಿಗೆ 1 ಬೈಟು. ಹಾಗಾಗಿ 100 ಎಂಬಿಪಿಎಸ್ ಲಿಂಕಿನ ತುದಿ 12.5 ಎಂಬಿ, ಕೈಗೆ ಸಿಗುದು 11 ಚಿಲ್ಲರೆ. ಗಿಗಾಬಿಟ್ ಲಿಂಕಾದ್ರೆ ತುದಿ 125, ಕೈಗೆ ಸಿಗುದು 110ರ ಆಚೀಚೆ. ಮೊದ್ಲು ಹತ್ತು ಸೆಕೆಂಡ್ ಆಗ್ತಿತ್ತು ಅಂದ್ರಲ್ಲ, ಅದು ಸರಿಯಾದ ಗಿಗಾಬಿಟ್ ಲೆಕ್ಕ. ಈಗಿನದ್ದು 100ರ ಲೆಕ್ಕ. ರಾಮ್ ಕಮ್ಮಿ ಆದ್ರೆ ಸ್ಪೀಡು ಇಷ್ಟು ನಾಜೂಕಾಗಿ 11ಕ್ಕೆ ಬಂದು ನಿಲ್ಲುದಿಲ್ಲ, ಏರ್ತಾ ಇಳಿತಾ ಇರ್ತದೆ.

ಖಾತ್ರಿ ಮಾಡ್ಲಿಕ್ಕೆ ಸರ್ವರಲ್ಲಿ ಎತ್‌ಟೂಲ್ ಅಂತ ಬರೆದು ಪಕ್ಕ ನೆಟ್‌ವರ್ಕ್ ಕಾರ್ಡಿನ ಹೆಸರು ಹಾಕಿ, ಹೆಸರು ಗೊತ್ತಿಲ್ಲದಿದ್ರೆ ಐಪಿ ಲಿಂಕ್ ಅಂತ ಕೊಟ್ರೆ ಬರ್ತದೆ. ಅದ್ರಲ್ಲಿ ಸ್ಪೀಡ್ ಅಂತ ಒಂದು ಸಾಲು, ಡುಪ್ಲೆಕ್ಸ್ ಅಂತ ಇನ್ನೊಂದು, ಕಳಿಸುದು ತೆಗೊಳ್ಳುದು ಒಟ್ಟಿಗೇ ಆದ್ರೆ ಫುಲ್ಲು, ಒಂದು ಸಲಕ್ಕೆ ಒಂದೇ ಆದ್ರೆ ಹಾಫು. ಸ್ಪೀಡಲ್ಲಿ 1000 ಇರ್ಬೇಕು, ಡುಪ್ಲೆಕ್ಸಲ್ಲಿ ಫುಲ್ ಇರ್ಬೇಕು. ನಿಮ್ಮಲ್ಲಿ 100 ಅಂತ ತೋರಿಸ್ತದೆ ಅಂತ ನನ್ನ ಅಂದಾಜು.

ಹಾಗಿದ್ರೆ ಮೊದ್ಲು ಹೊಸ ಸ್ವಿಚ್ಚನ್ನು ಬೋರಲು ಹಾಕಿ ಅಡಿಯ ಸ್ಟಿಕರ್ ಓದಿ. 10/100 ಅಂತ ಮಾತ್ರ ಇದ್ರೆ ಕತೆ ಅಲ್ಲಿಗೇ ಮುಗೀತು, ಅಂಗಡಿಯವರು ಹೊರಗಿಂದ ಒಂದೇ ರೀತಿ ಕಾಣುವ ಕಮ್ಮಿ ರೇಟಿನದ್ದು ಕೊಟ್ಟಿದ್ದಾರೆ. 10/100/1000 ಅಂತ ಇದ್ರೆ ಮುಂದಿನ ಸಂಶಯ ಆ ಹೊಸ ಕೇಬಲಿನ ಮೇಲೆ.

ಕೇಬಲಿನ ಒಳಗೆ ನಾಲ್ಕು ಜೋಡಿ ವಯರ್ ಉಂಟು, ಕಿತ್ತಳೆ, ಹಸಿರು, ನೀಲಿ, ಕಂದು. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು, 1, 2, 3, 6ನೇ ಪಿನ್ನು. ಗಿಗಾಬಿಟ್ಟಿಗೆ ನಾಲ್ಕೂ ಬೇಕು. ನೀಲಿಯಲ್ಲೋ ಕಂದಿನಲ್ಲೋ ಒಂದೇ ಒಂದು ಎಳೆ ಕ್ರಿಂಪ್ ಮಾಡುವಾಗ ಸರಿ ಕೂರದಿದ್ರೂ ಸಾಕು, ಕೆಲವು ಕಾರ್ಡು ಬಾಯಿ ಮುಚ್ಚಿಕೊಂಡು 100ಕ್ಕೆ ಇಳಿತದೆ, ಕೆಲವು ಲಿಂಕೇ ಕೊಡುದಿಲ್ಲ. ಇಳಿದ್ರೆ ಯಾರಿಗೂ ಗೊತ್ತಾಗುದಿಲ್ಲ, ಯಾಕಂದ್ರೆ ಎಲ್ಲ ಕೆಲಸ ಮಾಡ್ತದೆ, ನಿಧಾನ ಅಷ್ಟೇ. ನಮ್ಮ ಕಡೆ ಇನ್ನೊಂದು ಕ್ರಮ ಉಂಟು, ನೀಲಿ ಕಂದು ಖಾಲಿ ಬಿದ್ದಿದೆಯಲ್ಲ ಅಂತ ಆ ಎರಡು ಜೋಡಿಯಲ್ಲಿ ಸಿಸಿಟಿವಿ ಕ್ಯಾಮೆರಾಕ್ಕೆ ಲೈನ್ ಕೊಡುದು. ನಿಮ್ಮಲ್ಲಿ ಕೇಬಲ್ ಎಳೆದವರೂ ಕ್ಯಾಮೆರಾ ಹಾಕಿದವರೂ ಒಬ್ಬರೇ ಆಗಿದ್ರೆ ಒಮ್ಮೆ ಕೇಳಿ ನೋಡಿ.

ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ. ಪ್ಲಾಸ್ಟಿಕ್ಕಿನ ಒಳಗೆ ಎಂಟೂ ಎಳೆ ತುದಿ ತನಕ ಮುಟ್ಟಿರ್ಬೇಕು. ಎಡದಿಂದ ಬಣ್ಣ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು, ಕ್ಲಿಪ್ ಇರುವ ಬದಿ ಕೆಳಗೆ, ಲೋಹದ ತುದಿ ನಿಮ್ಮಿಂದ ಆಚೆಗೆ ಹಿಡಿದಾಗ. ಜೋಡಿಯ ಹೊಸೆತವನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು, ಅಂಗಡಿಗಳಲ್ಲಿ ಎರಡೆರಡು ಇಂಚು ಬಿಚ್ಚಿ ಒತ್ತಿದ್ದು ಕಾಣ್ತದೆ, ಕೆಲಸ ಸುಲಭ ಆಗ್ತದೆ ಅಂತ. ಮತ್ತೆ ವಯರ್ ಚೂರು ಕೆರೆದು ನೋಡಿ, ಒಳಗೆ ಬಿಳಿ ಬಿಳಿ ಕಂಡ್ರೆ ಅದು ಅಲ್ಯುಮಿನಿಯಮ್ಮಿಗೆ ತಾಮ್ರ ಬಳಿದದ್ದು. ಬಾಕ್ಸಿನ ಮೇಲೆ ಕ್ಯಾಟ್ 6 ಅಂತ ಎಷ್ಟು ದೊಡ್ಡಕ್ಷರದಲ್ಲಿ ಬರೆದಿದ್ರೂ ಅದನ್ನು ಸರ್ವರಿಗೆ ಎಳಿಬೇಡಿ.

ಕೇಬಲ್, ಸ್ವಿಚ್ಚಿನ ಪೋರ್ಟ್, ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಮೊದ್ಲು ಒಂದು ಗಟ್ಟಿ ರೆಡಿಮೇಡ್ ಕೇಬಲ್ ತಂದು ನೆಲದ ಮೇಲೆಯೇ ಹಾಸಿ ಸಿಕ್ಕಿಸಿ ನೋಡಿ, ಆಗದಿದ್ರೆ ಪೋರ್ಟ್ ಬದಲಿಸಿ. ಸಿಡಿಲು ಬಡಿದ ಮನೆಯಲ್ಲಿ ಸರ್ವರಿನ ಕಾರ್ಡನ್ನೂ ನಂಬ್ಲಿಕ್ಕಾಗುದಿಲ್ಲ. ಪೂರ್ತಿ ಸತ್ತ ಪೋರ್ಟು ಎಷ್ಟೋ ವಾಸಿ, ಗೊತ್ತಾದ್ರೂ ಆಗ್ತದೆ, ಅರೆಜೀವದ್ದೇ ರಗಳೆ. ಎತ್‌ಟೂಲಿಗೆ ಹೈಫನ್ ಹಾಕಿ ದೊಡ್ಡಕ್ಷರದ ಎಸ್ ಸೇರಿಸಿದ್ರೆ ಉದ್ದದ ಲೆಕ್ಕ ಬರ್ತದೆ, ಅದ್ರಲ್ಲಿ ಸಿಆರ್‌ಸಿ ಅಂತಲೋ ಎರರ್ ಅಂತಲೋ ಇರುವ ನಂಬರ್ ಬರೆದಿಟ್ಟು ಒಂದು ದೊಡ್ಡ ಫೈಲ್ ಕಾಪಿ ಮಾಡಿ ಮತ್ತೆ ನೋಡಿ. ಹಳೇ ನಂಬರ್ ಹಾಗೇ ಇದ್ರೆ ತೊಂದರೆ ಇಲ್ಲ, ಏರಿದ್ರೆ ಪ್ಯಾಕೆಟ್ ದಾರಿಯಲ್ಲೇ ಹಾಳಾಗ್ತಾ ಉಂಟು, ಅಂದ್ರೆ ಕೇಬಲ್ ಅಥವಾ ಪೋರ್ಟು.

ಒಂದು ಕೆಲಸ ಮಾತ್ರ ಮಾಡ್ಬೇಡಿ. ಸ್ಪೀಡ್ ಬರುದಿಲ್ಲ ಅಂತ ಕಾರ್ಡಿನ ಸೆಟ್ಟಿಂಗಿಗೆ ಹೋಗಿ 100 ಫುಲ್ ಅಂತ ಕೈಯಾರೆ ಕಟ್ಟಿ ಹಾಕುವವರು ಇದ್ದಾರೆ. ಆಗ ಆಟೊದಲ್ಲಿರುವ ಸ್ವಿಚ್ಚಿಗೆ ಆಚೆಯವರು ಫುಲ್ಲಾ ಹಾಫಾ ಅಂತ ತಿಳಿಯುದಿಲ್ಲ, ಅದು ಹಾಫಿಗೆ ಇಳಿತದೆ. ಪಿಂಗ್ ಮಾಡಿದ್ರೆ, ಅಂದ್ರೆ ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರ್ತದಾ ನೋಡಿದ್ರೆ, ಎಲ್ಲ ಚಂದ, ದೊಡ್ಡ ಫೈಲ್ ಕಾಪಿಗೆ ಹಾಕಿದ್ರೆ ತೆವಳ್ತದೆ. ಗಿಗಾಬಿಟ್ಟಿಗಂತೂ ಆಟೊ ಇರ್ಲೇಬೇಕು, ನಿಯಮವೇ ಹಾಗೆ.

ಇನ್ನು ಎತ್‌ಟೂಲಲ್ಲಿ 1000 ಅಂತಲೇ ತೋರಿಸಿ ಕಾಪಿ ಮಾತ್ರ ಎಳಿತದೆ ಅಂತಾದ್ರೆ ಐಪರ್ಫ್3 ಹಾಕಿ ನೋಡಿ. ಸರ್ವರಲ್ಲಿ ಒಂದು, ಕಂಪ್ಯೂಟರಲ್ಲಿ ಒಂದು. ಅದು ಡಿಸ್ಕನ್ನು ಮುಟ್ಟದೆ ಬರೀ ನೆಟ್‌ವರ್ಕನ್ನು ಅಳೆಯುದು. 940 ಎಂಬಿಪಿಎಸ್ ಹತ್ರ ಬಂದ್ರೆ ನೆಟ್‌ವರ್ಕಿಗೆ ಕ್ಲೀನ್ ಚಿಟ್ಟು, ತಪ್ಪು ಡಿಸ್ಕಿಂದು. ಸರ್ವರಿಗೆ ಹಳೇ ಯುಎಸ್‌ಬಿ 2 ಪೋರ್ಟಲ್ಲಿ ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ರೆ 30-40 ಎಂಬಿಗಿಂತ ಮೇಲೆ ಹೋಗುದೇ ಇಲ್ಲ, ಎಷ್ಟು ಒಳ್ಳೆ ಕೇಬಲ್ ಹಾಕಿದ್ರೂ.

ಪ್ರಶ್ನೆ: ಅಡಿಕೆ ವ್ಯಾಪಾರದ ಲೆಕ್ಕ ಎಲ್ಲ ಆಫೀಸಿನ ಲಿನಕ್ಸ್ ಸರ್ವರಲ್ಲಿ. ಲಾಗಿನ್ ಆಗ್ಲಿಕ್ಕೆ ಎಂಟರ್ ಒತ್ತಿದ್ರೆ ಒಂದು ಎಲೆ ಅಡಿಕೆ ಹಾಕುವಷ್ಟು ಹೊತ್ತು ಏನೂ ಇಲ್ಲ. ಒಮ್ಮೆ ಒಳಗೆ ಹೋದ್ರೆ ಮತ್ತೆ ಎಲ್ಲ ಫಾಸ್ಟು. ಮಳೆಗಾಲದಲ್ಲಿ ಇಂಟರ್‌ನೆಟ್ ಕಂಪೆನಿ ಬದಲಿಸಿದ್ದೇವೆ, ಅಲ್ಲಿಂದ ಹೀಗೆ. ಇದು ಹೊಸ ಲೈನಿನ ದೋಷವಾ?
— ವ್ಯಾಪಾರಸ್ಥರು, ಹೊಸಂಗಡಿ

ಉತ್ತರ: ಸುರುವಿಗೆ ಮಾತ್ರ ತಡ, ಮತ್ತೆ ಫಾಸ್ಟ್ ಅಂದ ಕೂಡ್ಲೇ ನಾನು ಡಿಎನ್‌ಎಸ್ ಅಂತ ಹೇಳ್ತೇನೆ, ಹೆಚ್ಚಾಗಿ ತಪ್ಪುದಿಲ್ಲ. ಮಶಿನಿನ ಐಪಿ ನಂಬರಿಗೂ ಅದ್ರ ಹೆಸರಿಗೂ ತಾಳೆ ಹಾಕಿ ಹೇಳುವ ವ್ಯವಸ್ಥೆ ಅದು. ಲೈನ್ ಸ್ಲೋ ಆದ್ರೆ ಉದ್ದಕ್ಕೂ ಸ್ಲೋ ಇರ್ಬೇಕಲ್ಲ.

ನೀವು ಲಾಗಿನ್ ಆಗುವಾಗ ಸರ್ವರ್ ಸುಮ್ನೆ ಕೂತಿರುದಿಲ್ಲ, ಈ ಐಪಿಯವರು ಯಾರಪ್ಪಾ ಅಂತ ಹೆಸರು ಹುಡುಕ್ಲಿಕ್ಕೆ ಹೋಗ್ತದೆ. ಯಾರತ್ರ ಕೇಳುದು ಅಂತ ರಿಸಾಲ್ವ್ ಡಾಟ್ ಕಾನ್ಫ್ (resolv.conf) ಅನ್ನುವ ಫೈಲಲ್ಲಿ ಬರೆದಿರ್ತದೆ. ಹಳೇ ಕಂಪೆನಿಯ ಡಿಎನ್‌ಎಸ್ ನಂಬರೇ ಅಲ್ಲಿ ಕೂತಿದೆ ಅಂತ ಅನಿಸ್ತದೆ. ಹೊರಗಿನ ಗಿರಾಕಿಗೆ ಆ ಡಿಎನ್‌ಎಸ್‌ನವರು ಉತ್ತರ ಕೊಡದಿದ್ರೆ ಲಿನಕ್ಸ್ 5 ಸೆಕೆಂಡ್ ಕಾಯ್ತದೆ, ಮತ್ತೆ ಮುಂದಿನವರತ್ರ ಹೋಗ್ತದೆ, ಯಾರೂ ಸಿಗದಿದ್ರೆ ಪುನಃ ಒಂದು ಸುತ್ತು. ಹಾಗಾಗಿ ವಾಚು ಹಿಡಿದು ನೋಡಿ. ತಡ ಆಗುದು 5, 10, 20 ಹೀಗೆ ಐದರ ಮಗ್ಗಿಯಲ್ಲಿದ್ರೆ ಬೇರೆ ಸಾಕ್ಷಿ ಬೇಡ.

ಆ ಫೈಲಲ್ಲಿ ಈಗಿನ ರೂಟರಿನ ನಂಬರೋ 1.1.1.1 ಅಥವಾ 8.8.8.8 ಅಂತಲೋ ಹಾಕಿ. ಉಬುಂಟು ಆದ್ರೆ ಆ ಫೈಲನ್ನು ನೇರ ತಿದ್ದಿದ್ರೆ ರೀಸ್ಟಾರ್ಟ್ ಆದ ಮೇಲೆ ಅಳಿಸಿ ಹೋಗ್ತದೆ, ನೆಟ್‌ಪ್ಲಾನಿನ ಫೈಲಲ್ಲಿ ಬರಿಬೇಕು. ಆಫೀಸಿನ ಕಂಪ್ಯೂಟರುಗಳ ಐಪಿ, ಹೆಸರು ಹೋಸ್ಟ್ಸ್ ಫೈಲಲ್ಲಿ ಬರೆದಿಟ್ರೆ ಇನ್ನೂ ಒಳ್ಳೆಯದು, ನೆಟ್ ಪೂರ್ತಿ ಹೋದ ದಿನವೂ ಲಾಗಿನ್ ಆಗ್ತದೆ. ಸರ್ವರ್ ತುಂಬ ಹಳತಾದ್ರೆ ದೂರದಿಂದ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್‌ನ ಸೆಟ್ಟಿಂಗಲ್ಲಿ ಯೂಸ್‌ಡಿಎನ್‌ಎಸ್ ಅನ್ನುದನ್ನು ನೋ ಮಾಡಿ, 2015ರ ನಂತರದ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಅದು ಹೇಗೂ ನೋ ಇರ್ತದೆ. ಲೆಕ್ಕದ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್ ಡೇಟಾಬೇಸ್ ಮೇಲೆ ನಡಿತಾ ಇದ್ರೆ ಅಲ್ಲೂ ಇದೇ ರೋಗ ಉಂಟು, ಸ್ಕಿಪ್-ನೇಮ್-ರಿಸಾಲ್ವ್ ಅಂತ ಒಂದು ಸಾಲು ಸೇರಿಸಿದ್ರೆ ಹೋಗ್ತದೆ, ಆದ್ರೆ ಯೂಸರ್ ಪರ್ಮಿಷನ್ನು ಹೆಸರಿನ ಮೇಲೆ ಕೊಟ್ಟಿದ್ರೆ ಮೊದ್ಲು ಅದನ್ನು ಐಪಿಗೆ ಬದಲಿಸಿ, ಇಲ್ಲದಿದ್ರೆ ಎಲ್ಲರೂ ಹೊರಗೆ.

ಪ್ರಶ್ನೆ: ನಮ್ಮ ಕನ್ನಡ ಮಾಧ್ಯಮ ಶಾಲೆಯ ಲ್ಯಾಬಲ್ಲಿ ಒಂದು ಸರ್ವರ್ ಉಂಟು, ಮಕ್ಕಳ ಪ್ರಾಜೆಕ್ಟು, ಕಲೋತ್ಸವದ ಫೋಟೊ ಎಲ್ಲ ಅದ್ರಲ್ಲಿ. ವಾರಕ್ಕೊಮ್ಮೆ ಹೊರಗಿನ ಬಾಡಿಗೆ ಸರ್ವರಿಗೆ ಬ್ಯಾಕಪ್ ಕಳಿಸ್ತೇವೆ. ಹೊಸ ಫೈಬರ್ ಲೈನ್ ಹಾಕಿದ ಮೇಲೆ ಆಚೆಗೆ ಲಾಗಿನ್ ಆಗ್ತದೆ, ಸಣ್ಣ ಕಮಾಂಡ್ ಎಲ್ಲ ನಡಿತದೆ, ಫೈಲ್ ಕಳಿಸ್ಲಿಕ್ಕೆ ಸುರು ಮಾಡಿದ್ರೆ ಅಲ್ಲಿಗೇ ಸ್ತಬ್ಧ. ಎರರ್ ಕೂಡ ಬರುದಿಲ್ಲ. ಸೇಫ್ಟಿಗೆ ಅಂತ ಫೈರ್‌ವಾಲಲ್ಲಿ ಐಸಿಎಂಪಿ (ಪಿಂಗ್, ನೆಟ್‌ವರ್ಕಿನ ಎರರ್ ಸುದ್ದಿ ಎಲ್ಲ ಹೋಗುವ ದಾರಿ) ಪೂರ್ತಿ ಬ್ಲಾಕ್ ಮಾಡಿದ್ದೇನೆ, ಬೇರೆ ಏನೂ ಮುಟ್ಟಿಲ್ಲ.
— ಶಿಕ್ಷಕರು, ಪೆರ್ಲ

ಉತ್ತರ: ಮಾಷ್ಟ್ರೆ, ಆ ಬ್ಲಾಕೇ ಬ್ಯಾಕಪ್ಪಿಗೆ ಅಡ್ಡ ಬಂದದ್ದು.

ಈಥರ್‌ನೆಟ್ಟಲ್ಲಿ ಒಂದು ಪ್ಯಾಕೆಟ್ 1500 ಬೈಟ್ ತನಕ ಹೋಗ್ಬಹುದು, ಇದಕ್ಕೆ ಎಂಟಿಯು ಅಂತ ಹೇಳುದು. ಫೈಬರ್ ಕನೆಕ್ಷನಲ್ಲಿ ರೂಟರಿಗೆ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕೊಟ್ಟಿದ್ದಾರೆ ಅಂತಾದ್ರೆ ಅದು ಪಿಪಿಪಿಒಇ, ಅದಕ್ಕೆ 8 ಬೈಟ್ ಹೋಗ್ತದೆ, ಉಳಿಯುದು 1492. ನಿಮ್ಮ ಸರ್ವರ್ ಹಳೇ ಕ್ರಮದಲ್ಲಿ 1500ರದ್ದೇ ಕಳಿಸ್ತದೆ, ಒಡೆಯಬಾರದು ಅಂತ ಮೇಲೆ ಬರೆದು. ಅಡ್ಡಪಟ್ಟಿ ಕಟ್ಟಿದ ರೈಲ್ವೆ ಅಂಡರ್‌ಪಾಸಿನ ಎದುರು ಎತ್ತರಕ್ಕೆ ಹೇರಿದ ಲಾರಿ ನಿಂತ ಹಾಗೆ, ಬೈಕು ಕಾರು ಎಲ್ಲ ಹೋಗ್ತದೆ, ಇದು ಮಾತ್ರ ಹೋಗುದಿಲ್ಲ. ಲಾಗಿನ್ನು, ಸಣ್ಣ ಕಮಾಂಡು ಎಲ್ಲ ಸಣ್ಣ ಪ್ಯಾಕೆಟ್ಟು, ಫೈಲ್ ಸುರು ಆದ ಕೂಡ್ಲೇ ದೊಡ್ಡದು ಬರ್ತದೆ.

ಹೀಗೆ ನಿಂತಾಗ ರೂಟರ್ ಸುಮ್ನೆ ಕೂರುದಿಲ್ಲ, ಇದು ದೊಡ್ಡದಾಯ್ತು, 1492ಕ್ಕೆ ಇಳಿಸಿ ಅಂತ ಸರ್ವರಿಗೆ ವಾಪಸ್ ಹೇಳ್ತದೆ. ಹೇಳುದು ಐಸಿಎಂಪಿಯಲ್ಲಿ. ಆ ಮಾತೇ ಕಿವಿಗೆ ಬೀಳದ ಹಾಗೆ ನೀವು ಬಾಗಿಲು ಹಾಕಿದ್ದೀರಿ, ಸರ್ವರ್ ಪಾಪ ಅದೇ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸ್ತಾ ಇರ್ತದೆ. ಪಿಂಗ್ ಬ್ಲಾಕ್ ಮಾಡಿದ್ರೆ ಭದ್ರ ಅಂತ ಯಾರು ಹಬ್ಬಿಸಿದ್ದೋ, ಅದ್ರಿಂದ ಆದ ಲಾಭಕ್ಕಿಂತ ಈ ಪಿರಿಪಿರಿಯೇ ಜಾಸ್ತಿ.

ಬ್ಲಾಕ್ ತೆಗೆದು ಪರೀಕ್ಷೆ ಮಾಡಿ. ಲಿನಕ್ಸಲ್ಲಿ ಪಿಂಗಿಗೆ ಹೈಫನ್ ದೊಡ್ಡ ಎಂ, ಡು, ಆಮೇಲೆ ಹೈಫನ್ ಎಸ್, 1472 ಅಂತ ಕೊಟ್ಟು ಹೊರಗಿನ ಸರ್ವರಿನ ಐಪಿ ಹಾಕಿ. 1472ಕ್ಕೆ ಹೆಡ್ಡರಿನ 28 ಸೇರಿದ್ರೆ 1500. ಇದು ಹೋಗ್ಲಿಕ್ಕಿಲ್ಲ. 1464 ಅಂತ ಹಾಕಿ, 28 ಸೇರಿದ್ರೆ 1492, ಇದು ಹೋಗ್ಬೇಕು. ಹೋದ್ರೆ ರೋಗ ಪತ್ತೆ ಆಯ್ತು. ರೂಟರಲ್ಲಿ ಎಂಎಸ್‌ಎಸ್ ಕ್ಲಾಂಪಿಂಗ್ (ಒಂದು ಪ್ಯಾಕೆಟ್ಟಲ್ಲಿ ತುಂಬುವ ಡೇಟಾಕ್ಕೆ ಮಿತಿ ಹಾಕುದು) ಅಂತ ಇದ್ರೆ ಆನ್ ಮಾಡಿ, ನಂಬರ್ ಕೇಳಿದ್ರೆ 1452 ಕೊಡಿ, ಲ್ಯಾಬಿನ ಬೇರೆ ಮಶಿನುಗಳಿಗೂ ಉಪಕಾರ ಆಗ್ತದೆ. ಪಿಂಗ್ ಬರುದು ಇಷ್ಟ ಇಲ್ಲದಿದ್ರೆ ಎಕೋ, ಅಂದ್ರೆ ಪಿಂಗಿನ ಪ್ಯಾಕೆಟ್, ಒಂದನ್ನೇ ಬ್ಲಾಕ್ ಮಾಡಿ, ಉಳಿದದ್ದು ಬಿಡಿ.

ಪ್ರಶ್ನೆ: ನಾವು ಪಾರ್ತಿಸುಬ್ಬನ ಊರಿನವರು, ತಾಳಮದ್ದಳೆಯ ಹಳೇ ಕ್ಯಾಸೆಟ್ಟುಗಳನ್ನು ಎಂಪಿ3 ಮಾಡಿ ಒಂದು ಸೈಟಲ್ಲಿ ಹಾಕ್ತಾ ಇದ್ದೇವೆ. ಸರ್ವರ್ ಅಮೆರಿಕದ ವರ್ಜೀನಿಯಾದಲ್ಲಿ, ಸ್ನೇಹಿತರೊಬ್ಬರು ಕೊಟ್ಟದ್ದು. ಇಲ್ಲಿ ಕೇಳುವವರಿಗೆ ಪೇಜು ಓಪನ್ ಆಗ್ಲಿಕ್ಕೇ ತಡ. ಸರ್ವರಲ್ಲಿ ಸಿಪಿಯು 3 ಪರ್ಸೆಂಟು ಅಷ್ಟೇ. ದೊಡ್ಡ ಪ್ಲಾನಿಗೆ ಹೋಗ್ಬೇಕಾ?
— ಕುಂಬಳೆಯಿಂದ ಒಬ್ಬರು

ಉತ್ತರ: ಸಿಪಿಯು 3 ಪರ್ಸೆಂಟ್ ಇರುವಾಗ ದೊಡ್ಡ ಪ್ಲಾನ್ ಯಾಕೆ? ನಿಮ್ಮ ತೊಂದರೆ ದೂರ, ಅದನ್ನು ಕಮ್ಮಿ ಮಾಡ್ಲಿಕ್ಕೆ ಯಾವ ಪ್ಲಾನಿಂದಲೂ ಆಗುದಿಲ್ಲ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸಾಧಾರಣ 2 ಲಕ್ಷ ಕಿ.ಮೀ. ಓಡ್ತದೆ. ಕುಂಬಳೆಯಿಂದ ವರ್ಜೀನಿಯಾಕ್ಕೆ ನೇರ ಗೆರೆ ಎಳೆದ್ರೂ 13 ಸಾವಿರ ಕಿ.ಮೀ.ಗಿಂತ ಹೆಚ್ಚು, ಹೋಗಿ ಬರ್ಲಿಕ್ಕೆ 130 ಮಿಲಿಸೆಕೆಂಡ್ ಬೆಳಕಿಗೇ ಬೇಕು. ಸಮುದ್ರದ ಕೇಬಲ್ ನೇರ ಹೋಗುದಿಲ್ಲ, ಸುತ್ತಿ ಬಳಸಿ ಹೋಗ್ತದೆ, ಹಾಗಾಗಿ ಪಿಂಗಲ್ಲಿ 200ರ ಮೇಲೆಯೇ ಕಾಣ್ಬೇಕು. ಒಂದು ಪೇಜಿನ ಮೊದಲ ಅಕ್ಷರ ಬರುವ ಮೊದ್ಲು ಟಿಸಿಪಿಗೆ, ಅಂದ್ರೆ ಎರಡು ಮಶಿನ್ ಸಂಪರ್ಕ ಕಟ್ಟಿಕೊಳ್ಳುವ ಕ್ರಮಕ್ಕೆ, ಒಂದು ಸಲ ಹೋಗಿ ಬರ್ಬೇಕು, ಎಚ್‌ಟಿಟಿಪಿಎಸ್‌ನ ಬೀಗ ತೆಗಿಲಿಕ್ಕೆ ಟಿಎಲ್‌ಎಸ್ 1.2 ಆದ್ರೆ ಎರಡು ಸಲ, 1.3 ಆದ್ರೆ ಒಂದು ಸಲ, ಪೇಜ್ ಕೇಳ್ಲಿಕ್ಕೆ ಇನ್ನೊಂದು ಸಲ. ಅಲ್ಲಿಗೇ ಮುಕ್ಕಾಲು ಸೆಕೆಂಡ್ ಹೋಯ್ತು, ಒಂದು ಹಾಡಿನ ಸೊಲ್ಲೂ ಬಂದಿಲ್ಲ ಇನ್ನೂ.

ದೊಡ್ಡ ಫೈಲಿಗೂ ದೂರ ತೊಂದರೆಯೇ. ಆಚೆಯಿಂದ ರಶೀದಿ ಬರುವ ತನಕ ಎಷ್ಟು ಡೇಟಾ ಸಾಲ ಕೊಡ್ಬಹುದು ಅಂತ ಟಿಸಿಪಿಗೆ ಒಂದು ಮಿತಿ ಉಂಟು, ವಿಂಡೋ ಅಂತ ಅದಕ್ಕೆ. ಆ ಮಿತಿ 64 ಕೆಬಿಗೆ ಸಿಕ್ಕಿ ಹಾಕಿಕೊಂಡ್ರೆ 200 ಮಿಲಿಸೆಕೆಂಡ್ ದೂರಕ್ಕೆ ಸೆಕೆಂಡಿಗೆ 320 ಕೆಬಿ ಅಷ್ಟೇ, ನಿಮ್ಮ ಲೈನ್ ಎಷ್ಟೇ ದೊಡ್ಡದಿರ್ಲಿ. ಆ ಮಿತಿಯನ್ನು ಏರಿಸುವ ವಿಂಡೋ ಸ್ಕೇಲಿಂಗ್ ಆನ್ ಇದೆಯಾ ನೋಡಿ, ಲಿನಕ್ಸಲ್ಲಿ ಇದ್ದೇ ಇರ್ತದೆ, ಹಳೇ ಯಾವುದೋ ಲೇಖನ ಓದಿ ಯಾರಾದ್ರೂ ಆಫ್ ಮಾಡಿದ್ರೆ ಮಾತ್ರ ಇಲ್ಲ. ಟಿಸಿಪಿ ಎಷ್ಟು ಸ್ಪೀಡಲ್ಲಿ ಕಳಿಸ್ಬೇಕು ಅಂತ ತೀರ್ಮಾನಿಸುವ ಬಿಬಿಆರ್ ಅನ್ನುವ ಲೆಕ್ಕಾಚಾರವನ್ನು ಗೂಗಲ್‌ನವರು 2016ರಲ್ಲಿ ಹೊರಗೆ ಬಿಟ್ರು, ದಾರಿಯಲ್ಲಿ ಚೂರು ಚೂರು ಪ್ಯಾಕೆಟ್ ಕಳೆದು ಹೋಗುವ ಉದ್ದದ ಲೈನಿಗೆ ಅದು ಒಳ್ಳೆಯದು, ಹಾಕಿ ನೋಡ್ಬಹುದು. ಆದ್ರೆ ನನ್ನನ್ನು ಕೇಳಿದ್ರೆ ಸ್ನೇಹಿತರಿಗೆ ಒಂದು ದೊಡ್ಡ ನಮಸ್ಕಾರ ಹೇಳಿ ಸೈಟನ್ನು ಮುಂಬೈಯ ಸರ್ವರಿಗೆ ತನ್ನಿ, ಇಲ್ಲಾ ಎದುರಿಗೆ ಒಂದು ಸಿಡಿಎನ್ (ಫೈಲಿನ ಪ್ರತಿಯನ್ನು ಕೇಳುವವರ ಹತ್ರದ ಸರ್ವರಲ್ಲಿ ಇಟ್ಟು ಕೊಡುವ ಸೇವೆ) ಹಾಕಿ. ಕೇಳುವವರು ಹೆಚ್ಚಾಗಿ ಊರಿನವರೇ ಅಲ್ವಾ.

ಪ್ರಶ್ನೆ: ನಮ್ಮ ಸೊಸೈಟಿಯಲ್ಲಿ ಬೆಳಿಗ್ಗೆ ಎಲ್ಲ ಸರಿ ಇರ್ತದೆ, ಹನ್ನೊಂದು ಗಂಟೆ ಆದ ಮೇಲೆ ಹೆಡ್ ಆಫೀಸಿನ ಸರ್ವರ್ ತೆವಳ್ತದೆ. ಸ್ಪೀಡ್ ಟೆಸ್ಟಲ್ಲಿ ಡೌನ್‌ಲೋಡ್ ಪರವಾಗಿಲ್ಲ.
— ಮುಳ್ಳೇರಿಯ

ಉತ್ತರ: ಡೌನ್‌ಲೋಡ್ ಬಿಡಿ, ಅಪ್‌ಲೋಡ್ ನೋಡಿ. ಹನ್ನೊಂದು ಗಂಟೆಗೆ ಯಾರೋ ಒಬ್ಬರು ಮೇಲಕ್ಕೆ ತಳ್ಳಲಿಕ್ಕೆ ಸುರು ಮಾಡ್ತಾರೆ, ಕ್ಲೌಡಿಗೆ ಹೋಗುವ ಕ್ಯಾಮೆರಾ ಇರ್ಬಹುದು, ಬ್ಯಾಕಪ್ ಇರ್ಬಹುದು, ಮೊಬೈಲ್ ವೈಫೈಗೆ ಸಿಕ್ಕಿ ಮದುವೆ ಫೋಟೊ ಗೂಗಲ್‌ಗೆ ಹೋಗುದೂ ಇರ್ಬಹುದು. ಅಪ್‌ಲೋಡ್ ತುಂಬಿದಾಗ ರೂಟರಲ್ಲಿ ಕ್ಯೂ ಬೆಳಿತದೆ, ನಿಮ್ಮ ಸಣ್ಣ ಎಂಟ್ರಿ ಕೂಡ ಆ ಕ್ಯೂವಿನ ಹಿಂದೆ ನಿಲ್ಲುದು. ಸರ್ವರಿಗೆ ಪಿಂಗ್ ಬಿಟ್ಟು ಇಡಿ, 20-30 ಮಿಲಿಸೆಕೆಂಡ್ ಇದ್ದದ್ದು ಹನ್ನೊಂದಕ್ಕೆ ನಾನ್ನೂರು ಐನೂರು ಆದ್ರೆ ಅದೇ. ಆ ಹೊತ್ತಿಗೆ ಒಂದೊಂದೇ ವಯರ್ ಕಿತ್ತು ನೋಡಿ, ಯಾವುದನ್ನು ಕಿತ್ತಾಗ ಪಿಂಗ್ ಇಳಿತದೋ ಅದೇ ಕಳ್ಳ. ಬ್ಯಾಕಪ್ ಆದ್ರೆ ರಾತ್ರಿಗೆ ಹಾಕಿ, ರೂಟರಲ್ಲಿ ಕ್ಯೂವನ್ನು ಸಂಭಾಳಿಸುವ ಎಸ್‌ಕ್ಯೂಎಂ ಅಂತ ಸೆಟ್ಟಿಂಗ್ ಇದ್ರೆ ಅಪ್‌ಲೋಡನ್ನು ನಿಮಗೆ ನಿಜವಾಗಿ ಸಿಗುವ ಸ್ಪೀಡಿಗಿಂತ ಸ್ವಲ್ಪ ಕಮ್ಮಿಗೆ ಕಟ್ಟಿ, ಕ್ಯೂ ಬೆಳೆಯುದೇ ಇಲ್ಲ.

ಪ್ರಶ್ನೆ: ಸರ್ವರ್ ರೀಸ್ಟಾರ್ಟ್ ಮಾಡಿದ್ರೆ ಎರಡು ದಿನ ಫಸ್ಟ್ ಕ್ಲಾಸ್, ಮತ್ತೆ ಕನೆಕ್ಷನ್ ಸಿಗುದೇ ಕಷ್ಟ. ಲಿನಕ್ಸ್, ಫೈರ್‌ವಾಲ್ ಕೂಡ ಅದ್ರಲ್ಲೇ.
— ಕಾಸರಗೋಡು ಪೇಟೆಯಿಂದ

ಉತ್ತರ: ಏನೋ ಒಂದು ತುಂಬ್ತಾ ಉಂಟು, ರೀಸ್ಟಾರ್ಟಿಗೆ ಖಾಲಿ ಆಗ್ತದೆ. ಫೈರ್‌ವಾಲ್ ಇದ್ದಲ್ಲಿ ಮೊದಲ ಸಂಶಯ ಕನೆಕ್ಷನ್ ಲೆಕ್ಕ ಇಡುವ ಕಾನ್‌ಟ್ರ್ಯಾಕ್ ಟೇಬಲ್, ಅದು ತುಂಬಿದ್ರೆ ಹೊಸ ಪ್ಯಾಕೆಟ್ಟನ್ನು ಬಿಸಾಡ್ತದೆ, ಟೇಬಲ್ ಫುಲ್ ಅಂತ ಡಿಮೆಸೇಜಲ್ಲಿ (dmesg ಅಂತ ಕೊಟ್ರೆ ಕಾಣುವ ಸಿಸ್ಟಮಿನ ಸಂದೇಶ) ಬರೆದೂ ಇಡ್ತದೆ. ಅದು ಇಲ್ಲದಿದ್ರೆ ಎಸ್‌ಎಸ್ ಹೈಫನ್ ಎಸ್ ಅಂತ ಕೊಟ್ಟು ಎಷ್ಟು ಕನೆಕ್ಷನ್ ಓಪನ್ ಉಂಟು ನೋಡಿ, ಫ್ರೀ ಅಂತ ಕೊಟ್ಟು ಸ್ವಾಪ್ (ರಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ತುಂಬಿದೆಯಾ ನೋಡಿ, ಸರಿಯಾಗಿ ಬಾಗಿಲು ಹಾಕದ ಪ್ರೋಗ್ರಾಮ್ ಇದ್ರೆ ಇಲ್ಲಿ ಸಿಕ್ಕಿ ಬೀಳ್ತದೆ. ರೀಸ್ಟಾರ್ಟ್ ಮಾಡಿದ ಮೇಲೆ ನೋಡಿ ಪ್ರಯೋಜನ ಇಲ್ಲ. ಮುಂದಿನ ಸಲ ಸ್ಲೋ ಆದಾಗ ಬಟನ್ ಒತ್ತುವ ಮೊದ್ಲು ಈ ಮೂರರ ಸ್ಕ್ರೀನ್ ಫೋಟೊ ತೆಗೆದು ಕಳಿಸಿ, ನೋಡುವ.